ನಗುವಿನ ಮರೆಯಲ್ಲಿ ಹಾರಿದ ಗುಂಡು

ಯಾವ ಮಾತಿಗೆ ಪ್ರೇಕ್ಷಕರು ನಗುತ್ತಾರೆ ಎಂಬುದು ನಟನಿಗೆ ಚೆನ್ನಾಗಿ ಗೊತ್ತಿರುತ್ತದೆ. ಶಿವಮೊಗ್ಗದ ಕುವೆಂಪು ರಂಗಮಂದಿರದ ಸೈಡ್‌ವಿಂಗ್‌ನಲ್ಲಿ ತನ್ನ ಪ್ರವೇಶಕ್ಕೆ ಕಾಯುತ್ತಾ ನಿಂತ ಹವ್ಯಾಸಿ ಕಲಾವಿದನಿಗೂ ಗೊತ್ತು; ಭದ್ರಾವತಿಯಲ್ಲಿ ಶಿಫ್ಟ್ ಮುಗಿಸಿ ಬಂದು ರಾಜ್ಯೋತ್ಸವದ ವೇದಿಕೆಗೆಂದು ಬಣ್ಣ ಹಚ್ಚಿಕೊಂಡ ಕಾರ್ಖಾನೆ ನೌಕರನಿಗೂ ಗೊತ್ತು. ಎರಡು ಮೂರು ಪ್ರಯೋಗ ಆಗುವಷ್ಟರಲ್ಲಿ ನಾಟಕದ ನಗುಗಳೆಲ್ಲ ಬಾಯಿಪಾಠವಾಗಿರುತ್ತವೆ. ಜನ ನಗುವಾಗ ಮುಂದಿನ ಮಾತು ಆಡಬೇಡ, ತಡಿ, ಆಡಿದರೆ ಯಾರಿಗೂ ಕೇಳಿಸುವುದಿಲ್ಲ ಎಂದು ತಾಲೀಮಿನಲ್ಲಿ ನಿರ್ದೇಶಕರು ಮತ್ತೆ ಮತ್ತೆ ಹೇಳುತ್ತಾರೆ.

1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ ನಗರದಲ್ಲಿ ಒಬ್ಬ ನಟ ಇದೇ ಪಾಠವನ್ನು ಕೊಲೆಗೆ ಬಳಸಿಕೊಂಡ. ಫೋರ್ಡ್ಸ್ ಥಿಯೇಟರ್‌ನಲ್ಲಿ ‘ಅವರ್ ಅಮೆರಿಕನ್ ಕಸಿನ್’ ಎಂಬ ಪ್ರಹಸನ ನಡೆಯುತ್ತಿತ್ತು. ಮೂರನೆಯ ಅಂಕದ ಎರಡನೆಯ ದೃಶ್ಯದಲ್ಲಿ ಒಂದು ಮಾತಿಗೆ ಇಡೀ ಥಿಯೇಟರು ಗೊಳ್ಳೆಂದು ನಗುತ್ತದೆ, ಆ ಕ್ಷಣ ರಂಗದ ಮೇಲೆ ಒಬ್ಬನೇ ಪಾತ್ರಧಾರಿ ಇರುತ್ತಾನೆ ಎಂಬುದು ಜಾನ್ ವಿಲ್ಕ್ಸ್ ಬೂತ್‌ಗೆ ತಿಳಿದಿತ್ತು. ಆ ನಗುವಿಗಾಗಿ ಅವನು ಗಣ್ಯರು ಕೂರುವ ಬಾಕ್ಸಿನ ಬಾಗಿಲ ಹಿಂದೆ ಕಾದು ನಿಂತ. ನಗು ಎದ್ದಿತು. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ತಲೆಗೆ ಹಿಂದಿನಿಂದ ಗುಂಡು ಬಿತ್ತು.

ನಮ್ಮ ಕಡೆ ಲಿಂಕನ್ ಎಂದರೆ ಬಹಳ ಜನಕ್ಕೆ ನೆನಪಾಗುವುದು ಶಾಲೆಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ತೂಗುಹಾಕಿದ, ಮಗನ ಶಿಕ್ಷಕರಿಗೆ ಬರೆದದ್ದು ಎನ್ನಲಾಗುವ ಪತ್ರ. ಆ ಪತ್ರವನ್ನು ಅವನೇ ಬರೆದ ಎನ್ನಲು ಆಧಾರವಿಲ್ಲ. ಆಧಾರವಿರುವ ಇನ್ನೊಬ್ಬ ಲಿಂಕನ್ ಇದ್ದಾನೆ. ಅವನು ನಾಟಕದ ಹುಚ್ಚಿನವನು. ಅಂತರ್ಯುದ್ಧದ ನಡುವೆಯೂ ಬಿಡುವು ಮಾಡಿಕೊಂಡು ನಾಟಕಕ್ಕೆ ಹೋಗುತ್ತಿದ್ದ. ಷೇಕ್ಸ್‌ಪಿಯರನ ಕೆಲವು ನಾಟಕಗಳನ್ನು ಯಾವ ಸಾಮಾನ್ಯ ಓದುಗನಿಗೂ ಕಡಿಮೆಯಿಲ್ಲದಷ್ಟು ಸಲ ಓದಿದ್ದೇನೆ, ‘ಮ್ಯಾಕ್‌ಬೆತ್’ಗೆ ಸಮನಾದದ್ದು ಯಾವುದೂ ಇಲ್ಲ ಎಂಬ ಅರ್ಥದಲ್ಲಿ 1863ರ ಆಗಸ್ಟ್‌ನಲ್ಲಿ ಜೇಮ್ಸ್ ಹ್ಯಾಕೆಟ್ ಎಂಬ ನಟನಿಗೆ ಪತ್ರ ಬರೆದ. ಅದೇ ಡಿಸೆಂಬರ್‌ನಲ್ಲಿ ಹ್ಯಾಕೆಟ್ ಫಾಲ್‌ಸ್ಟಾಫ್ ಪಾತ್ರ ಮಾಡುವುದನ್ನು ಫೋರ್ಡ್ಸ್‌ಗೆ ಹೋಗಿ ನೋಡಿದ.

ಅದಕ್ಕೂ ಒಂದು ತಿಂಗಳು ಮೊದಲು, 1863ರ ನವೆಂಬರ್ 9ರಂದು ಲಿಂಕನ್ ಅಲ್ಲೇ ‘ದಿ ಮಾರ್ಬಲ್ ಹಾರ್ಟ್’ ಎಂಬ ನಾಟಕ ನೋಡಿದ್ದ. ಅದರ ಮುಖ್ಯ ಪಾತ್ರಧಾರಿ ಜಾನ್ ವಿಲ್ಕ್ಸ್ ಬೂತ್. ಅಧ್ಯಕ್ಷ ಬಾಕ್ಸಿನಲ್ಲಿ ಕೂತು ತನ್ನನ್ನು ಕೊಲ್ಲಲಿದ್ದ ನಟನ ಅಭಿನಯ ನೋಡಿದ ರಾತ್ರಿ ಅದು. ಹತ್ತು ದಿನಗಳ ನಂತರ ಗೆಟಿಸ್‌ಬರ್ಗ್‌ನಲ್ಲಿ ನಿಂತು ತನ್ನ ಅತ್ಯಂತ ಪ್ರಸಿದ್ಧ ಭಾಷಣ ಮಾಡಿದ.

ಈ ಥಿಯೇಟರಿನ ಕಥೆಯೂ ಕಂಪನಿ ನಾಟಕದ ಮಾಲೀಕರ ಕಥೆಗಳ ಜಾತಿಯದೇ. 1830ರ ದಶಕದಲ್ಲಿ ಕಟ್ಟಿದ ಒಂದು ಬ್ಯಾಪ್ಟಿಸ್ಟ್ ಚರ್ಚು ಖಾಲಿ ಬಿದ್ದಿತ್ತು. ಬಾಲ್ಟಿಮೋರ್‌ನ ಜಾನ್ ಫೋರ್ಡ್ ಎಂಬ ರಂಗ ವ್ಯವಸ್ಥಾಪಕ 1861ರಲ್ಲಿ ಅದನ್ನು ಗುತ್ತಿಗೆಗೆ ಹಿಡಿದು ನಾಟಕ ಆಡಿಸತೊಡಗಿದ. 1862ರ ಡಿಸೆಂಬರ್ ಕೊನೆಗೆ ಬೆಂಕಿ ಬಿದ್ದು ಎಲ್ಲ ಸುಟ್ಟುಹೋಯಿತು. ಫೋರ್ಡ್ ಎದೆಗುಂದಲಿಲ್ಲ. ಅದೇ ಜಾಗದಲ್ಲಿ ಇನ್ನೂ ದೊಡ್ಡದಾಗಿ, ಸುಮಾರು 1700 ಜನ ಕೂರುವಂಥ ರಂಗಮಂದಿರ ಕಟ್ಟಿಸಿ 1863ರ ಆಗಸ್ಟ್ 27ರಂದು ಮತ್ತೆ ಪರದೆ ಎತ್ತಿದ. ಯುದ್ಧದ ಕಾಲದ ವಾಷಿಂಗ್ಟನ್ ತುಂಬ ಸೈನಿಕರು, ಗುಮಾಸ್ತರು, ಗುತ್ತಿಗೆದಾರರು. ಸಂಜೆಯಾದರೆ ಅವರಿಗೆ ಮನರಂಜನೆ ಬೇಕು. ಷೇಕ್ಸ್‌ಪಿಯರ್, ಕಣ್ಣೀರು ಹರಿಸುವ ಮೆಲೊಡ್ರಾಮಾ, ಪ್ರಹಸನ, ಹಾಡು-ಕುಣಿತ ಎಲ್ಲವೂ ಫೋರ್ಡ್ಸ್‌ನಲ್ಲಿ ನಡೆಯುತ್ತಿದ್ದವು. ಗುಬ್ಬಿ ಕಂಪನಿಯವರ ವೈಭವದ ದಿನಗಳನ್ನು ಹಿರಿಯರಿಂದ ಕೇಳಿದವರಿಗೆ ಈ ಚಿತ್ರ ಹೊಸದೇನೂ ಅನ್ನಿಸದು.

ಆ ಶುಕ್ರವಾರದ ಪ್ರಯೋಗ ನಟಿ ಲಾರಾ ಕೀನ್ ಅವರ ಬೆನಿಫಿಟ್ ಶೋ. ನಮ್ಮ ಕಂಪನಿಗಳಲ್ಲೂ ಇದೇ ಹೆಸರಿನಲ್ಲಿ ನಡೆಯುತ್ತಿದ್ದ ವ್ಯವಸ್ಥೆ: ಅಂದಿನ ಗಳಿಕೆ ಆ ಕಲಾವಿದರ ಪಾಲಿಗೆ. ಟಾಮ್ ಟೇಲರ್ ಎಂಬ ಇಂಗ್ಲಿಷ್ ನಾಟಕಕಾರ ಬರೆದ ‘ಅವರ್ ಅಮೆರಿಕನ್ ಕಸಿನ್’ 1858ರಲ್ಲಿ ನ್ಯೂಯಾರ್ಕಿನ ಲಾರಾ ಕೀನ್ ಥಿಯೇಟರ್‌ನಲ್ಲೇ ಮೊದಲು ರಂಗಕ್ಕೆ ಬಂದದ್ದು. ಆಸ್ತಿಯ ವಿಷಯಕ್ಕೆ ಇಂಗ್ಲೆಂಡಿನ ಸಿರಿವಂತ ನೆಂಟರ ಮನೆಗೆ ಬರುವ ಒರಟು ಅಮೆರಿಕನ್ ಹಳ್ಳಿಗನ ಕಥೆ. ಅವನ ಮಾತು, ನಡೆ, ಮುಚ್ಚುಮರೆಯಿಲ್ಲದ ಬುದ್ಧಿ ಇವೇ ನಗೆಯ ಸರಕು. ಏಳು ವರ್ಷ ಊರೂರು ಸುತ್ತಿದ ನಾಟಕವಾದ್ದರಿಂದ ರಂಗಭೂಮಿಯವರಿಗೆಲ್ಲ ಅದರ ಮಾತುಗಳು ಕಂಠಸ್ಥವಾಗಿದ್ದವು.

ಬೂತ್ ಆ ದಿನ ಮಧ್ಯಾಹ್ನ ತನ್ನ ಅಂಚೆ ತೆಗೆದುಕೊಳ್ಳಲು ಫೋರ್ಡ್ಸ್‌ಗೆ ಬಂದ. ಊರೂರು ತಿರುಗುವ ನಟನ ಕಾಗದಗಳು ಥಿಯೇಟರಿನ ವಿಳಾಸಕ್ಕೇ ಬರುತ್ತಿದ್ದವು. ರಾತ್ರಿ ಅಧ್ಯಕ್ಷರು ಬರುತ್ತಾರೆ ಎಂದು ಅವನಿಗೆ ಗೊತ್ತಾದದ್ದು ಅಲ್ಲೇ. ಆಗಲೇ ಕೆಲಸಗಾರರು 7 ಮತ್ತು 8ನೆಯ ಬಾಕ್ಸುಗಳ ನಡುವಿನ ತಡಿಕೆ ತೆಗೆದು ಒಂದು ಮಾಡುತ್ತಿದ್ದರು. ಧ್ವಜ ಕಟ್ಟಿ, ವಾಷಿಂಗ್ಟನ್‌ನ ಚಿತ್ರ ತೂಗುಹಾಕಿ, ಲಿಂಕನ್‌ಗೆಂದು ತೂಗುವ ಕುರ್ಚಿ ತಂದಿಟ್ಟರು. ಬೂತ್‌ಗೆ ಆ ಕಟ್ಟಡದ ಮೂಲೆಮೂಲೆ ಪರಿಚಯ. ಒಂದು ತಿಂಗಳ ಹಿಂದೆ, ಮಾರ್ಚ್ 18ರಂದು ಅದೇ ರಂಗದ ಮೇಲೆ ‘ದಿ ಅಪಾಸ್ಟೇಟ್’ ನಾಟಕದಲ್ಲಿ ಪಾತ್ರ ಮಾಡಿದ್ದ. ಯಾವ ಮೆಟ್ಟಿಲು ಎಲ್ಲಿಗೆ ಹೋಗುತ್ತದೆ, ಹಿಂಬಾಗಿಲು ಯಾವ ಓಣಿಗೆ ತೆರೆಯುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಳಗೆ ಓಡಾಡುತ್ತಿದ್ದರೆ ಯಾರೂ ತಡೆಯುವವರೂ ಇರಲಿಲ್ಲ. ಅವನು ಮನೆಯವನೇ.

ಈ ಸಂಗತಿ ಮೊದಲ ಸಲ ಓದಿದಾಗಿನಿಂದ ನನ್ನನ್ನು ಕಾಡುತ್ತಿದೆ. ಕೊಲೆಗಾರ ಹೊರಗಿನಿಂದ ನುಗ್ಗಿ ಬಂದವನಾಗಿದ್ದರೆ ಮಾತು ಬೇರೆ. ಪಹರೆ, ಕಾವಲು, ಭದ್ರತೆಯ ಲೋಪ ಎಂದು ಮುಗಿಸಬಹುದಿತ್ತು. ಕಾವಲಿನ ಪೊಲೀಸ್ ಜಾಗದಲ್ಲಿ ಇರಲಿಲ್ಲ ಎಂಬುದೂ ನಿಜವೇ. ಆದರೆ ಅಂದು ಕೊಲೆಗೆ ಒದಗಿದ್ದು ರಂಗಭೂಮಿಯ ಕಸುಬು. ಪ್ರವೇಶದ ಹೊತ್ತು ಹಿಡಿಯುವುದು, ನಗುವನ್ನು ಅಳೆಯುವುದು, ಎತ್ತರದಿಂದ ರಂಗಕ್ಕೆ ಜಿಗಿಯುವುದು, ಜನರತ್ತ ತಿರುಗಿ ಕೊನೆಯ ಮಾತು ಹೇಳಿ ನಿರ್ಗಮಿಸುವುದು, ಇವೆಲ್ಲ ಅವನು ಹೊಟ್ಟೆಪಾಡಿಗೆ ಕಲಿತ ವಿದ್ಯೆ.

ರಾತ್ರಿ ಎಂಟೂವರೆಯ ಹೊತ್ತಿಗೆ ಲಿಂಕನ್ ದಂಪತಿ ತಡವಾಗಿ ಬಂದರು. ಜೊತೆಗೆ ಮೇಜರ್ ರ‍್ಯಾತ್‌ಬೋನ್ ಮತ್ತು ಅವನನ್ನು ಮದುವೆಯಾಗಲಿದ್ದ ಕ್ಲಾರಾ ಹ್ಯಾರಿಸ್. ನಾಟಕ ನಿಂತಿತು, ವಾದ್ಯವೃಂದ ಸ್ವಾಗತದ ಸಂಗೀತ ನುಡಿಸಿತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದಕ್ಷಿಣದವರ ಸೇನಾಪತಿ ಜನರಲ್ ಲೀ ಶರಣಾಗಿ ಐದೇ ದಿನವಾಗಿತ್ತು. ನಾಲ್ಕು ವರ್ಷದ ಯುದ್ಧ ಮುಗಿದ ಸಮಾಧಾನ ಎಲ್ಲರ ಮುಖದಲ್ಲಿತ್ತು. ಹತ್ತೂಕಾಲರ ಸುಮಾರಿಗೆ ಬೂತ್ ಬಾಕ್ಸಿನ ಹೊರಬಾಗಿಲು ದಾಟಿ ಒಳಗಿನ ಇಕ್ಕಟ್ಟಾದ ಜಾಗಕ್ಕೆ ಬಂದು, ಹಿಂದಿನಿಂದ ಯಾರೂ ತಳ್ಳಿ ತೆರೆಯಲಾಗದಂತೆ ಬಾಗಿಲಿಗೆ ಒಂದು ಮರದ ತುಂಡು ಒತ್ತುಕೊಟ್ಟ. ಕೆಳಗೆ ರಂಗದ ಮೇಲೆ ನಟ ಹ್ಯಾರಿ ಹಾಕ್ ಒಬ್ಬನೇ. ಅವನು ಆ ನಗೆಮಾತು ಆಡಿದ. ಒಂದೇ ಗುಂಡಿನ ಪುಟ್ಟ ಡೆರಿಂಜರ್ ಪಿಸ್ತೂಲಿನ ಸದ್ದನ್ನು ನಗು ನುಂಗಿತು. ತಡೆಯಲು ಬಂದ ರ‍್ಯಾತ್‌ಬೋನ್‌ನ ತೋಳಿಗೆ ಬೂತ್ ಚೂರಿ ಹಾಕಿದ. ಬಾಕ್ಸಿನ ಕಟಕಟೆ ಹತ್ತಿ ಹನ್ನೊಂದು ಹನ್ನೆರಡು ಅಡಿ ಕೆಳಗಿನ ರಂಗಕ್ಕೆ ಧುಮುಕಿದ. ದಬ್ಬಾಳಿಕೆಗಾರರಿಗೆ ಎಂದೂ ಇದೇ ಗತಿ ಎಂಬರ್ಥದ ಲ್ಯಾಟಿನ್ ಮಾತನ್ನು ಕೂಗಿದ ಎಂದು ಕಂಡವರು ಹೇಳಿದ್ದಾರೆ. ಕೆಲವು ಕ್ಷಣ ಬಹಳ ಜನಕ್ಕೆ ಇದೂ ನಾಟಕದ ಭಾಗವೇ ಇರಬೇಕು ಅನ್ನಿಸಿತ್ತು. ಮೇಲಿನ ಬಾಕ್ಸಿನಿಂದ ಮೇರಿ ಲಿಂಕನ್ ಚೀರಿದಾಗಲೇ ಅವರಿಗೆ ಅರ್ಥವಾದದ್ದು. ಅಷ್ಟರಲ್ಲಿ ಬೂತ್ ರಂಗ ದಾಟಿ, ಹಿಂಬಾಗಿಲಿನಿಂದ ಓಣಿಗೆ ಇಳಿದು, ಒಬ್ಬ ಹುಡುಗ ಹಿಡಿದು ನಿಂತಿದ್ದ ಕುದುರೆ ಏರಿ ಹೋಗಿಬಿಟ್ಟಿದ್ದ.

ಪ್ರೇಕ್ಷಕರಲ್ಲಿದ್ದ 23 ವರ್ಷದ ಸೇನಾ ವೈದ್ಯ ಚಾರ್ಲ್ಸ್ ಲೀಲ್ ಮೊದಲು ಬಾಕ್ಸಿಗೆ ಓಡಿದ. ಉಳಿಯುವ ಗಾಯವಲ್ಲ ಎಂದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಲಿಂಕನ್‌ನನ್ನು ರಸ್ತೆಯಾಚೆಯ ಪೀಟರ್‌ಸನ್ ಎಂಬವರ ಮನೆಗೆ ಎತ್ತಿಕೊಂಡು ಹೋದರು. ಮಂಚ ಸಾಲದಷ್ಟು ಎತ್ತರದ ಆಳು, ಓರೆಯಾಗಿ ಮಲಗಿಸಬೇಕಾಯಿತು. ಮರುದಿನ ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ ಪ್ರಾಣ ಹೋಯಿತು. ಏಪ್ರಿಲ್ 26ರಂದು ವರ್ಜೀನಿಯಾದ ಒಂದು ತೋಟದ ಕೊಟ್ಟಿಗೆಯಲ್ಲಿ ಸೈನಿಕರ ಗುಂಡಿಗೆ ಬೂತ್ ಸತ್ತ. ಸಂಚಿನಲ್ಲಿ ಸೇರಿದ್ದ ನಾಲ್ವರನ್ನು ಜುಲೈ 7ರಂದು ಗಲ್ಲಿಗೇರಿಸಿದರು.

ಬೂತ್ ಮನೆತನದ್ದು ಇನ್ನೊಂದು ದೊಡ್ಡ ಕಥೆ. ತಂದೆ ಜೂನಿಯಸ್ ಬ್ರೂಟಸ್ ಬೂತ್ ಹೆಸರಾಂತ ನಟ. ಸೀಸರನನ್ನು ಕೊಂದ ಬ್ರೂಟಸ್‌ನ ಹೆಸರೇ ಆ ಮನೆಯಲ್ಲಿತ್ತು. ಕೊಲೆಗೆ ಐದು ತಿಂಗಳ ಮುಂಚೆ, 1864ರ ನವೆಂಬರ್ 25ರಂದು ಮೂವರು ಅಣ್ಣತಮ್ಮಂದಿರು ನ್ಯೂಯಾರ್ಕಿನ ವಿಂಟರ್ ಗಾರ್ಡನ್‌ನಲ್ಲಿ ‘ಜೂಲಿಯಸ್ ಸೀಸರ್’ ಆಡಿದರು. ಎಡ್ವಿನ್ ಬ್ರೂಟಸ್, ಹಿರಿಯಣ್ಣ ಜೂನಿಯಸ್ ಕ್ಯಾಸಿಯಸ್, ಜಾನ್ ವಿಲ್ಕ್ಸ್ ಮಾರ್ಕ್ ಆ್ಯಂಟನಿ. ಮೂವರೂ ಒಂದೇ ರಂಗದ ಮೇಲೆ ಬಂದ ಒಂದೇ ಸಂದರ್ಭ ಅದು. ಮರುದಿನದಿಂದ ಎಡ್ವಿನ್ ಅದೇ ಥಿಯೇಟರಿನಲ್ಲಿ ‘ಹ್ಯಾಮ್ಲೆಟ್’ ಆರಂಭಿಸಿ ಸತತ ನೂರು ರಾತ್ರಿ ಆಡಿದ. ಜಾನ್ ವಿಲ್ಕ್ಸ್ ತಪ್ಪಿಸಿಕೊಂಡು ಪೊದೆಗಳಲ್ಲಿ ಅವಿತಿದ್ದಾಗ ದಿನಚರಿಯಲ್ಲಿ ಬರೆದುಕೊಂಡದ್ದು, ಬ್ರೂಟಸ್‌ಗೆ ಗೌರವ ತಂದ ಕೆಲಸಕ್ಕೆ ತನ್ನನ್ನು ಜನ ಶಪಿಸುತ್ತಿದ್ದಾರೆ ಎಂಬ ದೂರು. ಆ ನಾಟಕದ ಐದನೆಯ ಅಂಕ ಅವನಿಗೆ ಅರ್ಥವಾಗಿರಲಿಲ್ಲ. ಸೀಸರನನ್ನು ಕೊಂದ ಮೇಲೆ ರೋಮ್ ರಕ್ತದಲ್ಲಿ ಮುಳುಗುತ್ತದೆ, ಬ್ರೂಟಸ್ ತನ್ನದೇ ಕತ್ತಿಗೆ ಬಿದ್ದು ಸಾಯುತ್ತಾನೆ. ನಾಟಕದುದ್ದಕ್ಕೂ ರಂಗದ ಮೇಲಿದ್ದೂ ನಾಟಕವನ್ನು ಕೊನೆಯವರೆಗೆ ಕೇಳಿಸಿಕೊಳ್ಳದ ನಟ ಅವನು.

ಕೇಳಿಸಿಕೊಂಡವನು ಲಿಂಕನ್. ಏಪ್ರಿಲ್ 9ರಂದು ಯುದ್ಧರಂಗದಿಂದ ಹಡಗಿನಲ್ಲಿ ವಾಷಿಂಗ್ಟನ್‌ಗೆ ಮರಳುವಾಗ ಜೊತೆಯವರಿಗೆ ಷೇಕ್ಸ್‌ಪಿಯರನನ್ನು ಗಂಟೆಗಟ್ಟಲೆ ಓದಿ ಹೇಳಿದ. ‘ಮ್ಯಾಕ್‌ಬೆತ್’ನಲ್ಲಿ ಕೊಲೆಯಾದ ದೊರೆ ಡಂಕನ್ ಈಗ ನೆಮ್ಮದಿಯಾಗಿ ಮಲಗಿದ್ದಾನೆ, ಕೊಂದವನಿಗೇ ನಿದ್ದೆಯಿಲ್ಲ ಎನ್ನುವ ಭಾಗದ ಬಳಿ ನಿಂತು, ಕೊಲೆಗಾರನ ಮನಸ್ಸನ್ನು ಕವಿ ಎಷ್ಟು ನಿಜವಾಗಿ ಹಿಡಿದಿದ್ದಾನೆ ಎಂದು ವಿವರಿಸಿ, ಅದೇ ಭಾಗವನ್ನು ಇನ್ನೊಮ್ಮೆ ಓದಿದ. ಜೊತೆಗಿದ್ದ ಫ್ರೆಂಚ್ ಅತಿಥಿ ಶಾಂಬ್ರೂನ್ ಇದನ್ನು ಬರೆದಿಟ್ಟಿದ್ದಾನೆ. ಅದಾಗಿ ಐದನೆಯ ದಿನವೇ ಗುಡ್ ಫ್ರೈಡೆ, ಆ ನಾಟಕದ ರಾತ್ರಿ.

ಕೊಲೆಯ ಮರುದಿನದಿಂದ ಆರೋಪಿಯ ಸ್ಥಾನದಲ್ಲಿ ನಿಂತದ್ದು ರಂಗಭೂಮಿ. ಜಾನ್ ಫೋರ್ಡ್ ಅಂದು ಊರಲ್ಲೇ ಇರಲಿಲ್ಲ. ಆದರೂ 39 ದಿನ ಸೆರೆಮನೆಯಲ್ಲಿಟ್ಟರು. ಲಾರಾ ಕೀನ್, ಹ್ಯಾರಿ ಹಾಕ್ ಇಬ್ಬರನ್ನೂ ದಾರಿಯಲ್ಲಿ ಹಿಡಿದು ವಿಚಾರಿಸಿದರು. ಸೀನರಿ ಎಳೆಯುವ ಕೆಲಸಗಾರ ಎಡ್ಮನ್ ಸ್ಪ್ಯಾಂಗ್ಲರ್‌ಗೆ ಆರು ವರ್ಷದ ಶಿಕ್ಷೆಯಾಯಿತು. ಬೂತ್‌ನ ಕುದುರೆ ಹಿಡಿಯಲು ಒಬ್ಬ ಹುಡುಗನಿಗೆ ಹೇಳಿದ್ದ ಎಂಬುದು ಅವನ ಮೇಲಿದ್ದ ದೊಡ್ಡ ಸಾಕ್ಷ್ಯ. 1869ರಲ್ಲಿ ಕ್ಷಮೆ ಸಿಕ್ಕಿ ಹೊರಬಂದ. ಗುಡ್ ಫ್ರೈಡೆಯಂದು ಅಧ್ಯಕ್ಷ ಹೋಗಬಾರದ ಜಾಗಕ್ಕೆ ಹೋಗಿದ್ದ ಎಂದು ಚರ್ಚುಗಳಲ್ಲಿ ಪಾದ್ರಿಗಳು ಮರುಗಿದರು. ನಾಟಕದವರಿಗೆ ಮನೆ ಬಾಡಿಗೆಗೆ ಕೊಡಲು ಹಿಂದೇಟು ಹಾಕುತ್ತಿದ್ದ ನಮ್ಮ ಹಿಂದಿನ ತಲೆಮಾರಿನವರ ಮನಸ್ಸೂ ಇದೇ. ನಟನಟಿಯರನ್ನು ಅನುಮಾನದಿಂದ ನೋಡಲು ಸಮಾಜಕ್ಕೆ ಒಂದು ನೆಪ ಸಿಕ್ಕರೆ ಸಾಕು.

ಜುಲೈನಲ್ಲಿ ಫೋರ್ಡ್ ಮತ್ತೆ ನಾಟಕ ಆಡಿಸಲು ಹೊರಟಾಗ ಬೆದರಿಕೆ ಪತ್ರಗಳು ಬಂದವು. ಸರ್ಕಾರ ಬಾಗಿಲು ಮುಚ್ಚಿಸಿತು. ಮುಂದಿನ ವರ್ಷ ಒಂದು ಲಕ್ಷ ಡಾಲರ್ ಕೊಟ್ಟು ಕಟ್ಟಡ ಕೊಂಡು, ಇನ್ನೆಂದೂ ಇಲ್ಲಿ ಮನರಂಜನೆ ಕೂಡದು ಎಂದು ನಿರ್ಧರಿಸಿತು. ರಂಗ, ಬಾಲ್ಕನಿ, ಬಾಕ್ಸು ಎಲ್ಲ ಕಿತ್ತುಹಾಕಿ ಮೂರು ಮಹಡಿಯ ಕಚೇರಿ ಮಾಡಿದರು. ಕೆಲವು ಕಾಲ ಸೇನೆಯ ವೈದ್ಯಕೀಯ ಮ್ಯೂಸಿಯಂ, ಆಮೇಲೆ ಸೈನಿಕರ ದಾಖಲೆ ಮತ್ತು ಪಿಂಚಣಿ ಕಡತಗಳ ಆಫೀಸು. 1893ರ ಜೂನ್ 9ರಂದು ಆ ಕಡತಗಳ ಭಾರದ ಮಹಡಿಗಳು ಕುಸಿದು 22 ಗುಮಾಸ್ತರು ಸತ್ತರು. ತಮ್ಮನ ಪಾಪದ ಹೆಸರನ್ನು ಹೊತ್ತುಕೊಂಡೇ ಅಮೆರಿಕದ ಅತಿ ದೊಡ್ಡ ಹ್ಯಾಮ್ಲೆಟ್ ಎನ್ನಿಸಿಕೊಂಡ ಎಡ್ವಿನ್ ಬೂತ್‌ನ ಅಂತ್ಯಸಂಸ್ಕಾರ ಅದೇ ದಿನ ನಡೆಯಿತು. ಶಕುನ ನಂಬುವವರು ಏನಾದರೂ ಹೇಳಿಕೊಳ್ಳಲಿ. ಕುಸಿತಕ್ಕೆ ಕಾರಣ ಕೆಳಗೆ ನಡೆಯುತ್ತಿದ್ದ ಅಗೆತದ ಕೆಲಸ. ನಾಟಕ ನಿಲ್ಲಿಸಿದ್ದರಿಂದ ಆ ಮನೆಗೆ ಶಾಂತಿಯೇನೂ ಸಿಗಲಿಲ್ಲ.

103 ವರ್ಷ ಅಲ್ಲಿ ನಾಟಕ ನಡೆಯಲಿಲ್ಲ. 1960ರ ದಶಕದಲ್ಲಿ ಹಳೆಯ ಫೋಟೊ, ನಕ್ಷೆಗಳನ್ನು ಮುಂದಿಟ್ಟುಕೊಂಡು ಒಳಾಂಗಣವನ್ನು 1865ರಲ್ಲಿ ಇದ್ದಂತೆಯೇ ಮತ್ತೆ ಕಟ್ಟಿದರು. ಬರೀ ಸ್ಮಾರಕ ಮಾಡಿ ಹಗ್ಗ ಕಟ್ಟಿ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ನಾಟಕವೇ ನಡೆಯಬೇಕು ಎಂದು ಹಟ ಹಿಡಿದವರಲ್ಲಿ ಫ್ರ್ಯಾಂಕಿ ಹೆವಿಟ್ ಎಂಬಾಕೆ ಮುಖ್ಯಳು. ಫೋರ್ಡ್ಸ್ ಥಿಯೇಟರ್ ಸೊಸೈಟಿ ಕಟ್ಟಿದವಳು ಅವಳೇ. 1968ರ ಜನವರಿ 30ರಂದು ಬಾಗಿಲು ತೆರೆಯಿತು. ಗುಲಾಮಗಿರಿಯ ವಿರುದ್ಧ ಆಯುಧ ಎತ್ತಿ ಗಲ್ಲಿಗೇರಿದವನ ಹೆಸರಿನ ‘ಜಾನ್ ಬ್ರೌನ್ಸ್ ಬಾಡಿ’ ಅಲ್ಲಿನ ಮೊದಲ ಪ್ರಯೋಗಗಳಲ್ಲೊಂದು. 1971ರಲ್ಲಿ ಕಪ್ಪು ಕಲಾವಿದರ ‘ಡೋಂಟ್ ಬಾದರ್ ಮಿ, ಐ ಕಾಂಟ್ ಕೋಪ್’ ಎಂಬ ಸಂಗೀತ ನಾಟಕ ಅಲ್ಲಿ ನಡೆಯಿತು. ಕಪ್ಪು ಜನರಲ್ಲಿ ಕೆಲವರಿಗಾದರೂ ಮತದ ಹಕ್ಕು ಸಿಗಬೇಕು ಎಂದು ಲಿಂಕನ್ ಆಡಿದ ಮಾತು ಕೇಳಿ ಕೆರಳಿದವನು ಬೂತ್. ಅವನು ಓಡಿ ದಾಟಿದ ಅದೇ ರಂಗದಲ್ಲಿ ಆ ಜನ ನಿಂತು ಹಾಡಿದರು. ಇದಕ್ಕಿಂತ ದೊಡ್ಡ ಉತ್ತರ ಯಾವ ಕಲ್ಲಿನ ಪ್ರತಿಮೆಯೂ ಕೊಡಲಾರದು. ಈಗಲೂ ಪ್ರತಿ ವರ್ಷ ನಾಟಕಗಳು ನಡೆಯುತ್ತವೆ. ಅಧ್ಯಕ್ಷರ ಬಾಕ್ಸಿನಲ್ಲಿ ಮಾತ್ರ ಯಾರನ್ನೂ ಕೂರಿಸುವುದಿಲ್ಲ.

ಇಷ್ಟು ದೂರದ ಕಥೆಯನ್ನು ಶಿವಮೊಗ್ಗದಲ್ಲಿ ಕೂತು ಬರೆಯಲು ಕಾರಣ ಒಂದು ನಾಟಕ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು 1930ರ ದಶಕದ ಆರಂಭದಲ್ಲಿ ‘ಹ್ಯಾಮ್ಲೆಟ್’ ಅನ್ನು ಕನ್ನಡಕ್ಕೆ ತರುವಾಗ ಡೆನ್ಮಾರ್ಕಿನ ಅರಮನೆಯನ್ನು ತೆಗೆದು ಬಿದನೂರಿನ ಅರಮನೆ ಇಟ್ಟರು. ಅದೇ ‘ರಕ್ತಾಕ್ಷಿ’. ಬಿದನೂರು ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರ, ಕೆಳದಿ ಅರಸರ ಕೊನೆಯ ರಾಜಧಾನಿ. ಆ ಅರಮನೆಯ ಕೊನೆಯ ದಿನಗಳು ನಾಟಕಕಾರ ಕಟ್ಟಬೇಕಾಗಿರದಷ್ಟು ಕರಾಳ. ಬಸಪ್ಪ ನಾಯಕನ ನಂತರ ಪಟ್ಟಕ್ಕೆ ಬಂದ ಎಳೆಯ ಚೆನ್ನಬಸಪ್ಪ ನಾಯಕನನ್ನು ಅರಮನೆಯಲ್ಲೇ ಕೊಲ್ಲಿಸಿದರು ಎಂಬ ಆಪಾದನೆ ರಾಣಿ ವೀರಮ್ಮಾಜಿಯ ಮೇಲೆ ಇಂದಿಗೂ ಇದೆ. ಸತ್ತನೆಂದುಕೊಂಡ ಹುಡುಗ ನಾನೇ ಎಂದು ಒಬ್ಬ ಚಿತ್ರದುರ್ಗದಲ್ಲಿ ಕಾಣಿಸಿಕೊಂಡ. ಅವನ ಹಕ್ಕಿನ ನೆಪ ಹಿಡಿದು ಬಂದ ಹೈದರಾಲಿ 1763ರಲ್ಲಿ ಬಿದನೂರನ್ನು ವಶಮಾಡಿಕೊಂಡ. ರಾಣಿ ಮಧುಗಿರಿಯಲ್ಲಿ ಸೆರೆಯಾದಳು. ಕೆಳದಿ ರಾಜ್ಯ ಅಲ್ಲಿಗೆ ಮುಗಿಯಿತು.

ಕುವೆಂಪು ಈ ನೆಲದ ನೆನಪಿಗೆ ಷೇಕ್ಸ್‌ಪಿಯರನನ್ನು ಬೆರೆಸಿದಾಗ ಒಂದು ದೊಡ್ಡ ಬದಲಾವಣೆ ಮಾಡಿದರು. ಅಲ್ಲಿನ ಒಫೀಲಿಯಾ ಬುದ್ಧಿ ಕೆಟ್ಟು ನೀರುಪಾಲಾಗುತ್ತಾಳೆ. ಇಲ್ಲಿನ ರುದ್ರಾಂಬೆ ರಕ್ತಾಕ್ಷಿಯಾಗಿ ಸೇಡಿಗೆ ನಿಲ್ಲುತ್ತಾಳೆ. ಹಾಗೆಂದು ನಾಟಕ ಸೇಡನ್ನು ಕೊಂಡಾಡುವುದಿಲ್ಲ. ರಕ್ತ ಹರಿದ ಮನೆಯಲ್ಲಿ ಕೊನೆಗೆ ಯಾರು ಉಳಿಯುತ್ತಾರೆ ಎಂದು ನೋಡುವವರ ಎದೆ ನಡುಗುತ್ತದೆ. ಬೂತ್ ‘ಜೂಲಿಯಸ್ ಸೀಸರ್’ನಲ್ಲಿ ಕಾಣದೆ ಹೋದದ್ದು ಇದನ್ನೇ.

ನಮ್ಮ ಜಿಲ್ಲೆಗೆ ರಾಜಹತ್ಯೆಯ ನಾಟಕ ಹೊಸದಲ್ಲ. ಶಿವಮೊಗ್ಗ ಸಮೀಪದ ಕೊನಗವಳ್ಳಿಯ ಪಿ. ಲಂಕೇಶ್ ‘ಸಂಕ್ರಾಂತಿ’ಯಲ್ಲಿ ಬಸವಣ್ಣ ಮತ್ತು ಬಿಜ್ಜಳರನ್ನು ಎದುರುಬದುರು ನಿಲ್ಲಿಸಿದರು, ಸಾಫಕ್ಲಿಸನ ‘ಈಡಿಪಸ್’ ಅನ್ನು ಕನ್ನಡಕ್ಕೆ ತಂದರು. ದೊರೆಯನ್ನು ಕೊಂದವನನ್ನು ಹುಡುಕಹೊರಟ ದೊರೆಗೆ ಕೊಲೆಗಾರ ತಾನೇ ಎಂದು ತಿಳಿಯುವ ಕಥೆ ಅದು. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಬಯಲು ರಂಗದಲ್ಲಿ ಈ ಎರಡನ್ನೂ ಆಡಿಸಿದ್ದು ಆಧುನಿಕ ಕನ್ನಡ ರಂಗಭೂಮಿಯ ದಿಕ್ಕು ಬದಲಿಸಿದ ಪ್ರಯೋಗಗಳಲ್ಲಿ ಸೇರಿದೆ. ಅದೇ ವರ್ಷ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್‌ಗೆ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಬಂತು. 1985ರಲ್ಲಿ ಆರಂಭವಾದ ನೀನಾಸಮ್ ತಿರುಗಾಟ ಜಗತ್ತಿನ ನಾಟಕಗಳನ್ನು ಕರ್ನಾಟಕದ ಸಣ್ಣ ಊರುಗಳಿಗೆ ಹೊತ್ತೊಯ್ಯುತ್ತಿದೆ. ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರ ಬಂದ ಮೇಲೆ ರಂಗಮಂದಿರ ಇಲ್ಲದ ಮಲೆನಾಡಿನ ಒಂಟಿ ಮನೆಗಳಿಗೂ ರೇಡಿಯೊ ನಾಟಕ ತಲುಪಿತು. ಕತ್ತಲಲ್ಲಿ ಬರೀ ಕಿವಿಯಿಂದ ನೋಡಿದ ಆ ನಾಟಕಗಳು ಒಂದು ತಲೆಮಾರಿನ ಕಲ್ಪನೆಯನ್ನೇ ಬೆಳೆಸಿದವು.

ಕಂಪನಿ ನಾಟಕದ ಕಾಲದವರು ಹೇಳುವ ಒಂದು ಕಥೆ ಇದೆ: ಯುದ್ಧದಲ್ಲಿ ಸತ್ತು ಬಿದ್ದ ಪಾತ್ರಧಾರಿ ಜನರ ‘ಒನ್ಸ್ ಮೋರ್’ ಕೂಗಿಗೆ ಎದ್ದು ನಿಂತು, ಹಾಡನ್ನು ಮತ್ತೊಮ್ಮೆ ಹಾಡಿ, ಮತ್ತೆ ಸಾಯುತ್ತಿದ್ದ. ಕೇಳಿ ನಕ್ಕು ಸುಮ್ಮನಾಗುತ್ತೇವೆ. ನನಗೆ ಅದರಲ್ಲಿ ರಂಗಭೂಮಿಯ ದೊಡ್ಡ ಶಕ್ತಿ ಕಾಣುತ್ತದೆ. ರಂಗದ ಮೇಲೆ ಸತ್ತವನು ಏಳುತ್ತಾನೆ, ಮುಖ ತೊಳೆದು ಮನೆಗೆ ಹೋಗುತ್ತಾನೆ. ನೋಡಿದವರು ಕೊಲೆಯ ಭಾರವನ್ನು ಮಾತ್ರ ಹೊತ್ತುಕೊಂಡು ಹೋಗುತ್ತಾರೆ. ದ್ವೇಷ ಹೆಚ್ಚಿದ ಊರಿಗೆ ಈ ಅನುಭವ ಬೇಕು. ಇನ್ನೆಂದೂ ಮನರಂಜನೆ ಕೂಡದು ಎಂದು ರಂಗಮಂದಿರ ಮುಚ್ಚಿದ ವಾಷಿಂಗ್ಟನ್‌ಗೂ ನೂರು ವರ್ಷದ ನಂತರ ಇದು ಅರ್ಥವಾಯಿತು.

ಹಾಗಾಗಿ ನಮ್ಮ ರಂಗತಂಡಗಳಲ್ಲಿ ನನ್ನದೊಂದು ಬೇಡಿಕೆ. ‘ರಕ್ತಾಕ್ಷಿ’ಯನ್ನು ಪಠ್ಯಪುಸ್ತಕ, ಸೆಮಿನಾರುಗಳಿಗೆ ಬಿಟ್ಟುಕೊಡಬೇಡಿ. ಶಿವಮೊಗ್ಗದಲ್ಲಿ ರಂಗಾಯಣವಿದೆ, ಹೆಗ್ಗೋಡಿನಲ್ಲಿ ನೀನಾಸಮ್ ಇದೆ, ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಲ್ಲಿ ಕೆಲಸ ಮುಗಿಸಿ ರಾತ್ರಿ ತಾಲೀಮಿಗೆ ಬರುವ ಹವ್ಯಾಸಿಗಳಿದ್ದಾರೆ. ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಕುವೆಂಪು ರಂಗಮಂದಿರದಲ್ಲಿ, ಇನ್ನೊಂದು ಸಂಜೆ ಭದ್ರಾವತಿಯಲ್ಲಿ, ಮೂರನೆಯದು ಆ ಕಥೆ ನಡೆದ ನಗರದ ಕೋಟೆಯ ಎದುರಿನ ಬಯಲಿನಲ್ಲಿ ಆಡಿ. ಶಾಲಾ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಓದುಗರೇ, ಹ್ಯಾಂಡ್‌ಬಿಲ್ ಕೈಗೆ ಬಂದ ದಿನ ಟಿಕೆಟ್ ಕೊಂಡು ಹೋಗಿ, ಕೊನೆಯ ಅಂಕದವರೆಗೂ ಕೂತು ನೋಡಿ.